ತಾತ ಯಾವ ದೇವರ ಪಾಲಿಗೆ

"ಕಲ್ಲಿನ ಮೇಲಿಂದ ಒಸಿರಿಸ್ ಹೆಸರು ಕಿತ್ತು ಹಾಕಬೇಕಂತೆ ಕಣೋ. ಅಜ್ಜಿ ಹಠ ಹಿಡಿದು ಕೂತಿದ್ದಾರೆ."

ಕಚ್ಚಿದ ಈರುಳ್ಳಿ ನನ್ನ ಬಾಯಲ್ಲೇ ಉಳಿಯಿತು.

"ಯಾವ ಕಲ್ಲು?"

"ನೀನು ತಲೆ ಚಚ್ಕೊಳ್ಳೋ ಕಲ್ಲು. ಯಾವ ಕಲ್ಲು ಅಂತೆ. ತಾತನ ಸಮಾಧಿ ಕಲ್ಲು. ನಾಳೆ ನೆಡಬೇಕಲ್ಲ, ಅದು."

ಮೆರಿತ್ ಓಡಿಕೊಂಡು ಬಂದಿದ್ದಳು. ಹುಬ್ಬಿನ ಮೇಲೆಲ್ಲ ಕಲ್ಲಿನ ಬಿಳಿ ಪುಡಿ. ಅವಳು ನನ್ನ ಸೋದರಮಾವನ ಮಗಳು. ಮಾವ ನಮ್ಮ ಊರು ಅಬಿದೋಸ್‌ನಲ್ಲಿ ಸಮಾಧಿ ಕಲ್ಲು ಕೆತ್ತುತ್ತಾನೆ, ಅವಳು ಅವನಿಗೆ ಕಲ್ಲು ಉಜ್ಜಿ ನುಣುಪು ಮಾಡಿ ಕೊಡುತ್ತಾಳೆ. ನಾನು ಸತ್ತವರ ರಾಜ ಒಸಿರಿಸ್‌ನ ದೇವಸ್ಥಾನದ ಶಾಲೆಯಲ್ಲಿ ಬರವಣಿಗೆ ಕಲಿಯುವವನು. ಮಧ್ಯಾಹ್ನದ ಬಿಡುವಿನಲ್ಲಿ ರೊಟ್ಟಿಮನೆಯ ಗೋಡೆಗೆ ಒರಗಿ ಊಟ ಮಾಡುತ್ತಿದ್ದೆ.

"ಮೆಲ್ಲಗೆ ಮಾತಾಡೇ. ಈ ಗೋಡೆ ಆಚೆ ಅವನೇ ಇರೋದು."

"ಯಾರು?"

"ಒಸಿರಿಸ್."

ಅವಳು ಗೋಡೆಯನ್ನು ಒಮ್ಮೆ ನೋಡಿ, ನನ್ನ ಕೈಯಲ್ಲಿದ್ದ ಅರ್ಧ ರೊಟ್ಟಿ ಕಿತ್ತುಕೊಂಡು ತಿನ್ನುತ್ತಾ ಹೊರಟಳು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆಯೇ ಓಡಿದೆ. ಕಂಡದ್ದು, ಕೇಳಿದ್ದು, ಯಾರೋ ಬೈದದ್ದು ಎಲ್ಲವನ್ನೂ ನಾನು ಮಡಕೆ ಚೂರುಗಳ ಮೇಲೆ ಗೀಚಿ ಆ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಹಾಗಾಗಿ ನಾನು ಓಡಿದರೆ ಊರಿಗೆಲ್ಲ ಸದ್ದು ಕೇಳುತ್ತದೆ.

ಮಾವನ ಕಲ್ಲುಗಳ ವಿಷಯ ಹೇಳಬೇಕು. ಪ್ರವಾಹದ ತಿಂಗಳುಗಳಲ್ಲಿ ಕೆಲಸ ಕಡಿಮೆ. ಆಗ ಅವನು ಮುಂದಕ್ಕೆ ಬೇಕಾಗುತ್ತದೆಂದು ಹತ್ತು ಹನ್ನೆರಡು ಕಲ್ಲು ಕೆತ್ತಿ ಗೋಡೆಗೆ ಒರಗಿಸಿ ಇಟ್ಟಿರುತ್ತಾನೆ. ಎಲ್ಲದರಲ್ಲೂ ಮೊದಲ ಸಾಲು ಒಂದೇ. ರಾಜನಿಂದ ಒಸಿರಿಸ್‌ಗೆ ಕಾಣಿಕೆ, ಒಸಿರಿಸ್ ಕೊಡಲಿ ಸಾವಿರ ರೊಟ್ಟಿ, ಸಾವಿರ ಕೊಡ ಬಿಯರು, ಸಾವಿರ ಎತ್ತು, ಸಾವಿರ ಬಾತು, ಇಂಥವರ ಜೀವಕ್ಕೆ. 'ಇಂಥವರ' ಜಾಗ ಮಾತ್ರ ಖಾಲಿ. ಯಾರಾದರೂ ಸತ್ತರೆ ಮನೆಯವರು ಬಂದು ಕಲ್ಲು ಆರಿಸುತ್ತಾರೆ, ಮಾವ ಹೆಸರು ತುಂಬುತ್ತಾನೆ. ತಾತನಿಗೂ ಅಂಥದ್ದೇ ಒಂದನ್ನು ಎತ್ತಿಟ್ಟಿದ್ದ. ತಾತ ತೀರಿಕೊಂಡು ಅರವತ್ತೊಂಬತ್ತು ದಿನವಾಗಿತ್ತು. ನಾಳೆ ಎಪ್ಪತ್ತನೆಯ ದಿನ, ಮಣ್ಣು.

ನಾವು ಹೋದಾಗ ಅಜ್ಜಿ ಅಂಗಳದಲ್ಲಿ ದೊಡ್ಡ ಮಡಕೆಯ ಮುಂದೆ ಕೂತು, ನಾಳಿನ ಬಿಯರಿಗೆಂದು ನೆನೆಸಿದ್ದ ಬಾರ್ಲಿ ರೊಟ್ಟಿಗಳನ್ನು ಹಿಸುಕುತ್ತಿದ್ದರು. ಮಾವ ಉಸೆರ್ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ. ಉಳಿ ಸುತ್ತಿಗೆಗಳನ್ನು ಯಾರಾದರೂ ಕಸಿದುಕೊಂಡಾರು ಎಂಬಂತೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಕಲ್ಲು ಅವರಿಬ್ಬರ ನಡುವೆ ಮಲಗಿತ್ತು.

"ಅಮ್ಮಾ, ಆ ಹೆಸರಿನ ಮೇಲೆ ಉಳಿ ಇಟ್ಟೆ ಅಂದ್ಕೋ. ನಾಳೆಯಿಂದ ಈ ಊರಲ್ಲಿ ನನ್ನ ಹತ್ರ ಕಲ್ಲು ಕೆತ್ತಿಸೋರು ಯಾರು? ನಾಯಿ ಕೂಡ ಬರಲ್ಲ."

"ನಾಯಿ ದೇವರ ಹೆಸರೇ ಹಾಕು ಅಂತಿರೋದು ನಾನು. ಅನುಬಿಸ್‌ದು ಹಾಕು."

"ಅದು ನಾಯಿ ಅಲ್ಲ, ನರಿ," ಎಂದಳು ಮೆರಿತ್.

"ನೀನು ಸುಮ್ನಿರು."

ಅಜ್ಜಿ ನನ್ನತ್ತ ತಿರುಗಿದರು. "ಬಂದ್ಯಾ ಸೆನ್ಬಿ. ನೀನಾದ್ರೂ ಹೇಳು ನಿಮ್ಮ ಮಾವನಿಗೆ. ಸತ್ತವರನ್ನ ನೋಡ್ಕೊಳ್ಳೋ ದೇವರು ಒಬ್ಬನೇನಾ? ಅನುಬಿಸ್ ಇದ್ದಾನೆ. ವೆಪ್ವಾವೆತ್ ಇದ್ದಾನೆ. ಸತ್ತವರು ಹೋಗೋದು ಪಡುವಣಕ್ಕೆ ಅಂತ ನಮ್ಮಜ್ಜಿ ಪಡುವಣದ ಹಿರಿಯ ಅನ್ನೋನಿಗೆ ಕೈ ಮುಗೀತಿದ್ದರು. ಇಷ್ಟು ಜನ ಇರೋವಾಗ ನಿಮ್ಮ ತಾತ ಒಸಿರಿಸ್ ಪಾಲಿಗೇ ಯಾಕೆ ಹೋಗಬೇಕು?"

"ಹೋದರೆ ಏನಾಗುತ್ತೆ ಅಜ್ಜಿ?"

ಅಜ್ಜಿಯ ಕೈ ಮಡಕೆಯೊಳಗೆ ನಿಂತಿತು. ಮಾವ ನೆಲ ನೋಡಿದ. ಅವನಿಗೆ ಆಗಲೇ ಗೊತ್ತಾಗಿತ್ತು, ನಮಗಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

"ಕೂತ್ಕೊಳ್ಳಿ," ಎಂದರು ಅಜ್ಜಿ.

ನಮ್ಮ ತಾತ ಹೆಪು ದೋಣಿ ನಡೆಸುತ್ತಿದ್ದವರು. ಮಾತು ಕಡಿಮೆ. ದಡದಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಬೆಚ್ಚಿ ಬೀಳುತ್ತಿದ್ದರು. ಅದಕ್ಕೇ ಎಲ್ಲರೂ "ಓ ದೋಣೀ" ಎಂದು ಕರೆಯುತ್ತಿದ್ದರು. ಅದೊಂದು ತಮಾಷೆ ಎಂದು ನಾನು ತಿಳಿದಿದ್ದೆ. ಅಜ್ಜಿ ಅಂದು ಹೇಳಿದ್ದು ಇಷ್ಟು. ತಾತನಿಗೆ ಇಪ್ಪತ್ತು ವರ್ಷವಾಗಿದ್ದಾಗ ರಾಜನ ಬಿಟ್ಟಿ ಕೆಲಸದ ಪಟ್ಟಿಯಲ್ಲಿ ಹೆಸರು ಬಂತು. ಬಡಗಣ ಸೀಮೆಯಲ್ಲಿ ಕಾಲುವೆ ತೋಡುವ ಕೆಲಸ. ಎರಡು ವಾರ ಮಣ್ಣು ಹೊತ್ತರು, ಮೂರನೆಯ ವಾರ ಓಡಿಹೋಗಿ ಜೊಂಡಿನಲ್ಲಿ ಅಡಗಿಕೊಂಡರು. ಪಟ್ಟಿಯವರು ಮನೆಗೆ ಬಂದು, ಅಣ್ಣ ಸಿಗದಿದ್ದರೆ ತಮ್ಮನಾದರೂ ಬರಲಿ ಎಂದು ತೆತಿಯನ್ನು ಹಿಡಿದುಕೊಂಡು ಹೋದರು. ಸುದ್ದಿ ತಿಳಿದ ದಿನವೇ ತಾತ ತಾವಾಗಿ ಹೋಗಿ ನಿಂತರು. ಅಷ್ಟು ಹೊತ್ತಿಗೆ ತೆತಿ ಜ್ವರ ಬಂದು ಸತ್ತು, ಅವನನ್ನು ಕಾಲುವೆಯ ಏರಿಯಲ್ಲೇ ಹೂತು, ಅದರ ಮೇಲೆ ಮಣ್ಣು ಸುರಿದು ಆಗಿತ್ತು.

"ಸಾಯೋ ಹಿಂದಿನ ದಿನ ನನ್ನ ಕೈ ಹಿಡ್ಕೊಂಡು ಹೇಳಿದ್ರು," ಎಂದರು ಅಜ್ಜಿ. "ದೆದೆತ್, ನನ್ನ ಒಸಿರಿಸ್ ಕೈಗೆ ಕೊಡಬೇಡ. ಅವನ ಊರಲ್ಲೂ ಪಟ್ಟಿ ಇದೆಯಂತೆ. ಹೆಸರು ಕೂಗ್ತಾರಂತೆ, ಅಂತ."

ಅದು ಸುಳ್ಳಲ್ಲ. ಒಸಿರಿಸ್ ರಾಜ, ರಾಜನಿದ್ದಲ್ಲಿ ಬಿಟ್ಟಿ ಇದ್ದದ್ದೇ. ಅವನ ಹೊಲಗಳಲ್ಲಿ ಸತ್ತವರು ಉಳಬೇಕು, ನೀರು ಕಟ್ಟಬೇಕು, ಮರಳನ್ನು ಮೂಡಣದಿಂದ ಪಡುವಣಕ್ಕೆ ಹೊರಬೇಕು. ಅನುಕೂಲ ಇರುವವರು ಸಮಾಧಿಯಲ್ಲಿ ಗೇಣುದ್ದದ ಮರದ ಆಳೊಂದನ್ನು ಇಡುತ್ತಾರೆ. ಅಲ್ಲಿ ಹೆಸರು ಕೂಗಿದಾಗ ಆ ಆಳು "ಇದ್ದೀನಿ" ಎಂದು ಎದ್ದು ಹೋಗುತ್ತಾನೆ, ಸತ್ತವರು ನೆರಳಲ್ಲಿ ಕೂತಿರುತ್ತಾರೆ.

ಮಾವ ಸೊಂಟದ ಬಟ್ಟೆಯಿಂದ ಅಂಥದ್ದೊಂದನ್ನು ಹೊರಗೆ ತೆಗೆದ. ಅತ್ತಿಮರದ್ದು. ಮುಖ ಚೆನ್ನಾಗಿ ಬಂದಿತ್ತು, ಕಾಲು ಮುಗಿದಿರಲಿಲ್ಲ.

"ಅದಕ್ಕೇ ಅಲ್ವಾ ಅಮ್ಮಾ ಇದನ್ನ ಮಾಡಿರೋದು. ಅಪ್ಪನ್ನ ಕೂಗಿದ್ರೆ ಇವನು ಹೋಗ್ತಾನೆ."

"ಮತ್ತೆ ಇನ್ನೊಬ್ಬನನ್ನ ಕಳಿಸೋದಾ?"

ಅಜ್ಜಿ ಆ ಆಳನ್ನು ಮಾವನ ಕೈಯಿಂದ ತೆಗೆದುಕೊಂಡು, ಎಸೆಯಲಿಲ್ಲ, ಮೆಲ್ಲಗೆ ಪಕ್ಕದ ಸೌದೆ ರಾಶಿಯ ಮೇಲೆ ಇಟ್ಟರು. ಮತ್ತೆ ರೊಟ್ಟಿ ಹಿಸುಕತೊಡಗಿದರು.

ಮಾವ ನನ್ನನ್ನು ಬಾಗಿಲ ಹೊರಗೆ ಕರೆದುಕೊಂಡು ಬಂದ.

"ನೋಡೋ, ಓದಿರೋನು ನೀನು. ಹಿತ್ತಲಲ್ಲಿ ಒಂದು ಸಣ್ಣ ಚಪ್ಪಡಿ ಇದೆ. ಒಂದೇ ಸಾಲು ಹಿಡಿಸುತ್ತೆ, ಒಬ್ಬ ದೇವರು, ಒಂದು ಹೆಸರು. ಯಾವ ದೇವರು ಬಿಟ್ಟಿಗೆ ಕರೆಯಲ್ಲ ಅಂತ ಸಂಜೆ ಒಳಗೆ ತಿಳ್ಕೊಂಡು ಬಾ, ಅವನ ಹೆಸರು ಕೆತ್ತಿ ಕೊಡ್ತೀನಿ. ಅಂಥವನು ಇಲ್ಲ ಅಂದ್ರೆ, ಅಜ್ಜಿಗೆ ನೀನೇ ಹೇಳಬೇಕು. ನನ್ನ ಕೈಲಾಗಲ್ಲ."

ಸತ್ಯ ಹೇಳಬೇಕೆಂದರೆ, ತಾತನ ಸಂಕಟ ಕೇಳಿದ ಮೇಲೂ ಒಳಗೊಳಗೇ ನನಗೆ ಕುತೂಹಲ ಕುಣಿಯುತ್ತಿತ್ತು. ಹುಟ್ಟಿದಾಗಿನಿಂದ ಈ ದೇವರುಗಳ ನಡುವೆಯೇ ಬೆಳೆದಿದ್ದೆ. ಯಾರ ಕೆಲಸ ಎಲ್ಲಿ ಮುಗಿದು ಯಾರದು ಶುರುವಾಗುತ್ತದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಮೊದಲು ವೆಪ್ವಾವೆತ್. ಅವನ ಸೇವಕ ಮೊಂತು ದೇವಸ್ಥಾನದ ಪಕ್ಕದ ಬಾಗಿಲಲ್ಲಿ ಕೂತು ದೇವರ ಕಂಬಕ್ಕೆ ಎಣ್ಣೆ ತಿಕ್ಕುತ್ತಿದ್ದ. ಕಂಬದ ತುದಿಯಲ್ಲಿ ನರಿ ನಾಲ್ಕೂ ಕಾಲಿನ ಮೇಲೆ ನಿಂತಿತ್ತು.

"ಮೊಂತಣ್ಣ, ಅನುಬಿಸ್ ನರಿ ಮಲಗಿರುತ್ತೆ, ನಿಮ್ಮದು ಯಾಕೆ ನಿಂತಿರುತ್ತೆ?" ಎಂದು ಕೇಳಿದೆ.

"ಕೆಲಸ ಇರೋನು ನಿಂತಿರ್ತಾನೆ. ಇಲ್ದೇ ಇರೋನು ಮಲಗಿರ್ತಾನೆ."

"ನಿಮ್ಮವನ ಕೆಲಸ ಏನು?"

"ದಾರಿ ಬಿಡಿಸೋದು. ಸತ್ತವರು ಕತ್ತಲಲ್ಲಿ ತಡವರಿಸ್ತಾರೆ. ನಮ್ಮವನು ಮುಂದೆ ಹೋಗ್ತಾನೆ, ಅವರು ಹಿಂದೆ ಬರ್ತಾರೆ. ಅವನಿಲ್ದೆ ಒಬ್ಬನೂ ಒಂದು ಹೆಜ್ಜೆ ಇಡಲ್ಲ."

"ಬಿಟ್ಟಿಗೆ ಕರೀತಾನಾ?" ಮೆರಿತ್ ನೇರವಾಗಿ ಕೇಳಿದಳು.

"ಇವನಾ? ಇವನಿಗೆ ಹೊಲ ಎಲ್ಲಿದೆ, ಮನೆ ಎಲ್ಲಿದೆ? ಸದಾ ದಾರಿ ಮೇಲೇ ಇರೋನು."

ಮೆರಿತ್ ನನ್ನ ಪಕ್ಕೆಗೆ ತಿವಿದಳು. ಸಿಕ್ಕೇಬಿಟ್ಟ ಎನ್ನುವ ಹಾಗೆ. ನಾನು ಚೂರು ಹೊರಗೆ ತೆಗೆದು ಬರೆದುಕೊಳ್ಳತೊಡಗಿದೆ. ಅಷ್ಟರಲ್ಲಿ ಬೇಡದ ಪ್ರಶ್ನೆ ಬಾಯಿಂದ ಜಾರಿತು.

"ಆ ದಾರಿ ಎಲ್ಲಿಗೆ ಹೋಗುತ್ತೆ ಮೊಂತಣ್ಣ?"

"ಎಲ್ಲಿಗೆ ಅಂದ್ರೆ? ಒಸಿರಿಸ್ ಹತ್ರಕ್ಕೆ. ಬೇರೆ ಎಲ್ಲಿಗೆ ಹೋಗುತ್ತೆ?"

"ಕೇಳದೇ ಇದ್ದಿದ್ರೆ ಆಗ್ತಿತ್ತು," ಎಂದಳು ಮೆರಿತ್, ಅಲ್ಲಿಂದ ಎದ್ದು ಬರುವಾಗ.

ನಮ್ಮ ಅಂಖು ಮೇಷ್ಟ್ರು ಅತ್ತಿಮರದ ನೆರಳಲ್ಲಿ ಮುಖದ ಮೇಲೆ ಬಟ್ಟೆ ಹಾಕಿಕೊಂಡು ಮಲಗಿದ್ದರು. ಚೀಲದ ಸದ್ದಿಗೇ ಎಚ್ಚರಾದರು.

"ಪಾಠಕ್ಕೆ ಚಕ್ಕರ್ ಹೊಡೆದೋನು ಬಂದ. ಏನು ಬೇಕು?"

"ಮೇಷ್ಟ್ರೇ, ಪಡುವಣದ ಹಿರಿಯ ಅಂದ್ರೆ ಯಾರು?"

ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಅವರು ಎದ್ದು ಕೂತರು. ನಾನು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು ಅನ್ನಿಸುತ್ತದೆ.

"ಈ ದೇವಸ್ಥಾನ ಯಾರದು?"

"ಒಸಿರಿಸ್‌ದು."

"ರೊಟ್ಟಿಮನೆ ಗೋಡೆ ಪಕ್ಕ ಒಂದು ಮುರಿದ ಬಾಗಿಲ ಕಲ್ಲು ಬಿದ್ದಿದೆ. ದಿನಾ ಅದರ ಮೇಲೇ ಕೂತು ಊಟ ಮಾಡ್ತೀಯಲ್ಲ. ಯಾವತ್ತಾದ್ರೂ ಓದಿದ್ದೀಯಾ?"

ಓಡಿಹೋಗಿ ಓದಿ ಬಂದೆ. ಕಲ್ಲು ತುಂಬ ಹಳೆಯದು, ಅಕ್ಷರದೊಳಗೆಲ್ಲ ಇರುವೆ. ಮಲಗಿದ ನರಿಯ ಚಿತ್ರ. ಪಕ್ಕದಲ್ಲಿ 'ಪಡುವಣದ ಹಿರಿಯ, ಈ ಮನೆಯ ಒಡೆಯ' ಎಂದಿತ್ತು. ಎಷ್ಟು ಹುಡುಕಿದರೂ ಒಸಿರಿಸ್ ಹೆಸರು ಇರಲಿಲ್ಲ.

"ಹಾಗಾದ್ರೆ ಒಸಿರಿಸ್ ಬರೋ ಮುಂಚೆ ಇಲ್ಲಿ ಅವನಿದ್ದ," ಎಂದೆ.

"ಹೂಂ."

"ಈಗ ಎಲ್ಲಿ ಹೋದ?"

"ಎಲ್ಲೂ ಹೋಗಿಲ್ಲ. ಬೆಳಿಗ್ಗೆ ಪೂಜೆಯಲ್ಲಿ ನಾವು ಏನಂತೀವಿ? ಒಸಿರಿಸ್, ಪಡುವಣದ ಹಿರಿಯ. ಒಂದೇ ಉಸಿರಲ್ಲಿ ಅಂತೀವಿ."

"ಅಂದ್ರೆ ಹೊರಗಿಂದ ಬಂದೋನು ಮನೇನೂ ತಗೊಂಡ, ಯಜಮಾನನ ಹೆಸರೂ ತಗೊಂಡ."

"ಮನೆ ಅಳಿಯನ ಥರ," ಎಂದಳು ಮೆರಿತ್.

ಮೇಷ್ಟ್ರು ಅವಳನ್ನು ನೋಡಿದರು. ಅವರೂ ಮಾವನ ಮನೆಯಲ್ಲೇ ಇರುವವರು. "ಯಾರೋ ಇದು?"

"ನಮ್ಮ ಮಾವನ ಮಗಳು ಮೇಷ್ಟ್ರೇ."

"ಕರ್ಕೊಂಡು ಹೋಗು. ನಾಳೆ ನಿಮ್ಮ ತಾತನ ಕೆಲಸ ಮುಗಿಸಿ ಬಾ. ಆ ಬಾಗಿಲ ಕಲ್ಲನ್ನ ಹತ್ತು ಸಲ ಬರೆದು ತೋರಿಸು. ಇನ್ಮೇಲೆ ಅದರ ಮೇಲೆ ಕೂರಬೇಡ."

ಇಬ್ಬರು ದೇವರು ಮುಗಿದರು. ಊರಾಚೆಗೆ ನಡೆದೆವು. ಅಲ್ಲಿ ಮರಳುಗಾಡು ಶುರುವಾಗುವ ಕಡೆ ಹೆಣಗಳನ್ನು ಉಪ್ಪಿಟ್ಟು ಒಣಗಿಸಿ ಬಟ್ಟೆ ಸುತ್ತುವ ಗುಡಾರವಿದೆ. ಗಾಳಿ ನಮ್ಮ ಕಡೆ ತಿರುಗಿದಾಗ ಮೂಗು ಮುಚ್ಚಿಕೊಂಡೆವು. ಇಪಿ ದೊಡ್ಡಪ್ಪ ಗುಡಾರದ ಹೊರಗೆ ಮಣೆಯ ಮೇಲೆ ಕೂತು ಒಣ ಮೀನು ತಿನ್ನುತ್ತಿದ್ದರು. ಮೊಣಕೈವರೆಗೆ ಮರದ ಅಂಟು ಕಪ್ಪಗೆ ಹತ್ತಿತ್ತು. ಹೆಣಗಳನ್ನು ತರಲು ತಾತನ ದೋಣಿಯಲ್ಲಿ ಐವತ್ತು ವರ್ಷ ಓಡಾಡಿದವರು. ತಾತನನ್ನು ಬೇರೆ ಯಾರೂ ಮುಟ್ಟಬಾರದು ಎಂದು ತಾವೇ ಎಲ್ಲ ಮಾಡುತ್ತಿದ್ದರು.

ಅನುಬಿಸ್‌ನ ಮುಖವಾಡ ಪಕ್ಕದಲ್ಲೇ ಇತ್ತು. ಕವುಚಿ ಇಡುವ ಬದಲು ಅಂಗಾತ ಮಾಡಿ ಅದರೊಳಗೆ ಖರ್ಜೂರ ತುಂಬಿದ್ದರು.

"ತಗೊಳ್ಳಿ," ಎಂದು ಅದನ್ನೇ ಮುಂದೆ ಚಾಚಿದರು.

"ದೇವರ ತಲೆ ಅಲ್ವಾ ದೊಡ್ಡಪ್ಪ?" ಮೆರಿತ್ ಹಿಂದೆ ಸರಿದಳು.

"ಹಾಕ್ಕೊಂಡಾಗ ದೇವರು. ತೆಗೆದಿಟ್ಟಾಗ ಬುಟ್ಟಿ. ನಾನೂ ಅಷ್ಟೇ. ಒಳಗೆ ಹೋದ್ರೆ ಅನುಬಿಸ್, ಹೊರಗೆ ಬಂದ್ರೆ ಇಪಿ. ನಿಮ್ಮ ದೊಡ್ಡಮ್ಮ ಮನೆಯಲ್ಲಿ ಬೈಯೋದು ಇಪಿಗೆ."

ಎಲ್ಲ ಹೇಳಿದೆ. ಜೊಂಡು, ಕಾಲುವೆ, ತೆತಿ. ಅವರು ಮೀನು ಕೆಳಗಿಟ್ಟರು. ಐವತ್ತು ವರ್ಷದ ಗೆಳೆಯನಿಗೂ ತಾತ ಅದನ್ನು ಹೇಳಿರಲಿಲ್ಲ.

"ಅದಕ್ಕೇ ಹೆಸರು ಕೂಗಿದ್ರೆ ಹಾಗೆ ಬೆಚ್ಚಿ ಬೀಳ್ತಿದ್ದ," ಎಂದರು.

"ಅಜ್ಜಿ ಹೇಳೋ ಹಾಗೆ ಅನುಬಿಸ್ ಹೆಸರು ಹಾಕಿದ್ರೆ ಆಗಲ್ವಾ? ಅವನ ಹತ್ರ ಪಟ್ಟಿ ಇಲ್ವಲ್ಲ," ಎಂದೆ.

"ಒಂದು ಕಾಲದಲ್ಲಿ ಅವನೇ ಎಲ್ಲ ಆಗಿದ್ದ. ಆ ಗುಡ್ಡದ ಹತ್ತಿರದ ಹಳೇ ಸಮಾಧಿಗಳನ್ನ ನೋಡು, ಕಾಣಿಕೆ ಎಲ್ಲ ಅನುಬಿಸ್‌ಗೇ. ಒಸಿರಿಸ್ ಹೆಸರು ಯಾರೂ ಎತ್ತಿಲ್ಲ. ಈಗ ಏನಾಗಿದೆ ಅಂದ್ರೆ, ತೊಳೆಯೋದು ಅನುಬಿಸ್, ಸುತ್ತೋದು ಅನುಬಿಸ್, ರಾತ್ರಿಯೆಲ್ಲ ಕಾಯೋದು ಅನುಬಿಸ್, ಸತ್ತವರ ಗುಂಡಿಗೆ ತೂಗೋ ತಕ್ಕಡಿ ಹಿಡಿಯೋದೂ ಅನುಬಿಸ್. ಯಜಮಾನಿಕೆ ಮಾತ್ರ ಕೊಟ್ಟುಬಿಟ್ಟ."

"ಎಲ್ಲ ಮಾಡಿ ಆಮೇಲೆ?"

"ಆಮೇಲೆ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ ಒಪ್ಪಿಸ್ತಾನೆ."

"ಯಾರಿಗೆ ಅಂತ ಕೇಳಬೇಡ," ಎಂದಳು ಮೆರಿತ್. ಮರಳಿನ ಮೇಲೆ ಕೂತುಬಿಟ್ಟಳು. "ನಾವು ಹೋಗಿ ಅಜ್ಜಿಗೆ ಏನು ಹೇಳೋದು? ಯಾವ ಬಾಗಿಲಿಂದ ಹೋದ್ರೂ ಅದೇ ಅಂಗಳ ಅಂತಾನಾ?"

ಚೀಲದಲ್ಲಿ ಹನ್ನೊಂದು ಚೂರು ತುಂಬಿತ್ತು, ಅಜ್ಜಿಗೆ ಕೊಡಲು ಒಂದೂ ಇರಲಿಲ್ಲ.

ಇಪಿ ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. "ಪೆಟ್ಟಿಗೆ ಒಳಗೆ ಹೆಸರು ತುಂಬಿದೋನು ನೀನೇ ಅಲ್ವಾ?"

ನಾನೇ. ಶವಪೆಟ್ಟಿಗೆಗಳೂ ಮಾವನ ಕಲ್ಲುಗಳ ಹಾಗೆಯೇ. ಒಳಗಿನ ಮಂತ್ರವೆಲ್ಲ ಮೊದಲೇ ಬರೆದಿರುತ್ತದೆ, ಹೆಸರಿನ ಜಾಗ ಖಾಲಿ. ಹತ್ತು ದಿನದ ಹಿಂದೆ ಒಂದು ಬೆಳಿಗ್ಗೆ ಕೂತು ತುಂಬಿದ್ದೆ.

"ಎಷ್ಟು ಸಲ ಬರೆದೆ?"

"ಇಪ್ಪತ್ತೆರಡು ಸಲ."

"ಯಾವ ಮಾತಿನ ಪಕ್ಕ?"

ನೆನಪಾಗಲಿಲ್ಲ. ಹೆಸರು ತುಂಬುವಾಗ ಯಾರು ಓದುತ್ತಾರೆ? ಖಾಲಿ ಜಾಗ ಹುಡುಕುವುದು, ಬರೆಯುವುದು, ಮುಂದಿನದಕ್ಕೆ ಹೋಗುವುದು. ಬಣ್ಣ ಒಣಗುವ ಮುಂಚೆ ಕೈ ತಾಗದಿದ್ದರೆ ಸಾಕು.

ಪೆಟ್ಟಿಗೆ ಗುಡಾರದ ನೆರಳಲ್ಲಿ ಬಾಯಿ ತೆರೆದುಕೊಂಡು ಮಲಗಿತ್ತು. ತಾತ ಇನ್ನೂ ಒಳಗೆ ಗುಡಾರದಲ್ಲೇ ಇದ್ದರು. ನಾನು ಮೊಣಕಾಲೂರಿ ಪೆಟ್ಟಿಗೆಯೊಳಗೆ ತಲೆ ತೂರಿಸಿದೆ. ನನ್ನದೇ ಕೈಬರಹ, ಅವಸರದ್ದು. ಮೊದಲ ಸಲ ಸಾಲು ಪೂರ್ತಿ ಓದಿದೆ. ಎದ್ದೇಳು, ಒಸಿರಿಸ್ ಹೆಪು. ನಿನ್ನ ರೊಟ್ಟಿ ತಗೋ, ಒಸಿರಿಸ್ ಹೆಪು. ನಿನ್ನ ಮುಖ ನೋಡಿ ಪಡುವಣದವರು ಎದ್ದು ನಿಂತಿದ್ದಾರೆ, ಒಸಿರಿಸ್ ಹೆಪು. ಹೀಗೆ ಇಪ್ಪತ್ತೆರಡು ಸಲ.

"ಇದೇನಿದು ದೊಡ್ಡಪ್ಪ? ತಾತನಿಗೆ ದೇವರ ಹೆಸರು ಯಾಕೆ?"

"ನಾನು ಬಟ್ಟೆ ಸುತ್ತಿ ಮುಗಿಸಿದ ಮೇಲೆ ಎಲ್ಲರನ್ನೂ ಹಾಗೇ ಕರೆಯೋದು. ಮೊದಮೊದಲು ರಾಜರಿಗೆ ಮಾತ್ರ ಇತ್ತಂತೆ. ಈಗ ಎಲ್ಲರಿಗೂ. ಒಸಿರಿಸ್ ಅನ್ನೋನೂ ಮೊದಲು ಹೆಣಾನೇ ಅಲ್ವಾ? ಅನುಬಿಸ್ ಮೊದಲು ಬಟ್ಟೆ ಸುತ್ತಿದ್ದು ಅವನಿಗೇ. ಆಮೇಲೆ ಯಾರಿಗೆ ಸುತ್ತಿದ್ರೂ ಅವನಿಗೇ ಸುತ್ತಿದ ಹಾಗೆ."

"ಹಾಗಾದ್ರೆ ಒಸಿರಿಸ್‌ಗಳು ಎಷ್ಟು ಜನ?"

"ನಾನೊಬ್ಬನೇ ಸುತ್ತಿರೋದು ಮುನ್ನೂರರ ಮೇಲಿದೆ."

"ಎಲ್ಲರೂ ರಾಜರಾ? ಮುನ್ನೂರು ಜನ ಒಂದೇ ಸಿಂಹಾಸನದ ಮೇಲೆ ಹೇಗೆ ಕೂರ್ತಾರೆ?"

"ಅದನ್ನ ನಿಮ್ಮ ಮೇಷ್ಟ್ರನ್ನ ಕೇಳು. ನಾನು ಬಟ್ಟೆ ಸುತ್ತೋನು," ಎಂದು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡರು. "ನನ್ನ ಕೆಲಸದ ಮಟ್ಟಿಗೆ ಇಷ್ಟು ಗೊತ್ತು. ನಾಳೆ ಮುಖವಾಡ ಹಾಕ್ಕೊಂಡು ನಾನು ಅವನನ್ನ ಹಾಗೇ ಕರೀತೀನಿ. ಅಲ್ಲಿಗೆ ಹೋಗೋದು ಆಳಾಗಿ ಅಲ್ಲ."

ವಾಪಸ್ ಬರುವಾಗ ಮೆರಿತ್ ಒಂದೂ ತಮಾಷೆ ಮಾಡಲಿಲ್ಲ. ಕೊನೆಗೆ ಮನೆ ಹತ್ತಿರ ಬಂದಾಗ, "ನೀನು ಇಪ್ಪತ್ತೆರಡು ಸಲ ಬರೆದು ಒಂದು ಸಲಾನೂ ಓದಲಿಲ್ವಾ?" ಎಂದಳು.

"ನೀನು ಸಾವಿರ ಕಲ್ಲು ಉಜ್ಜಿದ್ದೀಯ, ಒಂದಾದ್ರೂ ಓದಿದ್ದೀಯಾ?"

"ನನಗೆ ಓದಕ್ಕೆ ಬರಲ್ವಲ್ಲೋ, ಕತ್ತೆ."

ಅಜ್ಜಿ ಬಿಯರಿನ ಮಡಕೆಗೆ ಬಟ್ಟೆ ಕಟ್ಟಿ ಮುಗಿಸಿದ್ದರು. ಮಾವ ಅದೇ ಜಾಗದಲ್ಲಿ ಕೂತಿದ್ದ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಿಂತ ನರಿ, ಮಲಗಿದ ನರಿ, ಹಳೇ ಬಾಗಿಲ ಕಲ್ಲು. ಕೊನೆಗೆ ಪೆಟ್ಟಿಗೆಯೊಳಗಿನ ಮಾತು.

ಅಜ್ಜಿ ಕೈ ಒರೆಸಿಕೊಂಡರು.

"ಇವರಾ?" ಎಂದರು. "ಇವರು ಒಸಿರಿಸ್ಸಾ? ಸೊಂಟದ ಬಟ್ಟೆ ಗಂಟು ನಾನು ಹಾಕಬೇಕಿತ್ತು."

ಮಾವನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಗೂ ತುಟಿ ಅಲುಗಿತು.

"ಹಾಗಾದ್ರೆ ಪಟ್ಟಿ ಕೂಗೋರು ಯಾರು?"

"ಯಜಮಾನರೇ ಅವರಾದ್ರೆ ಅವರನ್ನ ಯಾರು ಕೂಗ್ತಾರೆ ಅಜ್ಜಿ?"

"ಅದು ಸರಿ. ತಾವಾಗಿ ಎದ್ದು ಒಂದು ಕೆಲಸ ಶುರು ಮಾಡಿದೋರಲ್ಲ." ಅಜ್ಜಿ ಕಲ್ಲಿನ ಕಡೆ ನೋಡಿದರು. ಮಾವ ಮೆಲ್ಲಗೆ ಉಳಿ ಹೊರಗೆ ತೆಗೆದ. ಅಷ್ಟರಲ್ಲಿ ಅಜ್ಜಿಯ ಮುಖ ಮತ್ತೆ ಬಾಡಿತು.

"ತೆತಿ?"

ಮಾವ ಉಳಿಯನ್ನು ಮತ್ತೆ ತೊಡೆಯ ಕೆಳಗೆ ಇಟ್ಟ.

"ತೆತಿಗೆ ಯಾರು ಬಟ್ಟೆ ಸುತ್ತಿದ್ರು? ಯಾವ ಅನುಬಿಸ್ ಬಂದಿದ್ದ ಆ ಕಾಲುವೆ ಹತ್ರ? ಅವನು ಅಲ್ಲೂ ಮಣ್ಣೇ ಹೊರ್ತಿರ್ತಾನೆ. ಇವರು ಯಜಮಾನರಾಗಿ ಕೂತ್ಕೊಳ್ಳೋದು, ತಮ್ಮ ಎದುರಿಗೇ ಮಣ್ಣು ಹೊರೋದು. ನಿಮ್ಮ ತಾತ ಅದನ್ನ ನೋಡ್ಕೊಂಡು ಕೂರ್ತಾರೆ ಅಂದ್ಕೊಂಡ್ಯಾ? ಮತ್ತೆ ಜೊಂಡಿಗೇ ಓಡಿ ಹೋಗ್ತಾರೆ."

ಅಜ್ಜಿ ಎದ್ದು ಹೋಗಿ, ಸೌದೆ ರಾಶಿಯ ಮೇಲಿದ್ದ ಮರದ ಆಳನ್ನು ಎತ್ತಿಕೊಂಡು ಬಂದರು. ಸೆರಗಿನಿಂದ ಅದರ ಮುಖ ಒರೆಸಿದರು. ಒರೆಸಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಉಸೆರ್, ತೆತಿಗೆ ಗಲ್ಲದಲ್ಲಿ ಗುಳಿ ಇತ್ತು. ಇಲ್ಲಿ. ಸ್ವಲ್ಪ ಉಳಿ ತಾಗಿಸು."

ಮಾವ ಅವರ ಮುಖ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಆಳಿಗೆ ಬಟ್ಟೆ ಸುತ್ತಿಸ್ತೀಯಾ ಅಮ್ಮಾ?"

"ಇದು ಆಳಲ್ಲ. ನನ್ನ ಮೈದುನ. ಸೆನ್ಬಿ, ಎದೆ ಮೇಲೆ ಹೆಸರು ಬರಿ. ನಿಮ್ಮ ತಾತನಿಗೆ ಬರೆದ ಹಾಗೇ ಬರಿ, ಒಂದಕ್ಷರ ಕಡಿಮೆ ಮಾಡಬೇಡ. ಈ ಸಲ ಓದಿಕೊಂಡು ಬರಿ. ಆ ಕಲ್ಲಿನ ಮೇಲೂ ಇಬ್ಬರದ್ದೂ ಬರಲಿ. ಇಬ್ಬರೂ ಯಜಮಾನರಾದ್ರೆ ಒಬ್ಬರನ್ನೊಬ್ಬರು ಬಿಟ್ಟಿಗೆ ಕರೆಯೋ ಹಾಗಿಲ್ಲ."

"ಕಲ್ಲಲ್ಲಿ ಒಂದೇ ಹೆಸರಿಗೆ ಜಾಗ ಬಿಟ್ಟಿದ್ದೀನಿ ಅಮ್ಮಾ."

"ಸಣ್ಣದಾಗಿ ಕೆತ್ತು. ಬಾತುಗಳು ಸಾವಿರ ಯಾಕೆ ಬೇಕು ಇವರಿಗೆ, ಇಬ್ಬರು ತಿನ್ನೋಕೆ? ಆ ಸಾಲಿನ ಕೆಳಗೆ ಹಿಡಿಸು."

ಮಾವ ಬೆರಳಿಂದ ಜಾಗ ಅಳೆದ. ತಲೆ ಆಡಿಸಿದ. ಒಸಿರಿಸ್ ಹೆಸರಿನ ಮೇಲೆ ಉಳಿ ಇಡಬೇಕಾಗಿಲ್ಲ ಎಂಬ ಸಮಾಧಾನ ಅವನ ಹೆಗಲಲ್ಲಿ ಕಾಣುತ್ತಿತ್ತು. ಮೊದಲ ಏಟು ಬಿತ್ತು.

ನಾನು ಮರದ ತೆತಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಂಚ ಅದ್ದಿದೆ. ಒಸಿರಿಸ್ ತೆತಿ. ಬರೆದು, ಓದಿ, ಮತ್ತೊಮ್ಮೆ ಓದಿದೆ. ಒಂದು ಪ್ರಶ್ನೆ ಉಳಿದಿತ್ತು. ತಾವು ಮುಟ್ಟದ ಹೆಣವನ್ನು, ಅರವತ್ತು ವರ್ಷದ ಹಿಂದೆ ಮಣ್ಣಾದವನನ್ನು, ಇಪಿ ದೊಡ್ಡಪ್ಪ ಆ ಹೆಸರಿಂದ ಕರೆಯುತ್ತಾರಾ? ಕೇಳಿ ಬರಲು ಮೆರಿತ್ ಓಡಿದಳು.

ಅವಳು ಬರುವಷ್ಟರಲ್ಲಿ ಬಿಸಿಲು ಗುಡ್ಡದ ಅಂಚಿಗೆ ಬಂದಿತ್ತು. ಕೈಯಲ್ಲಿ ಖರ್ಜೂರ ಇತ್ತು. ಅಜ್ಜಿ ಎದ್ದು ನಿಂತರು.

"ಏನಂದ್ರು?"

"ಮೊದಲು ಕೈ ತೊಳ್ಕೊಂಡ್ರು. ಆಮೇಲೆ ಗೇಣುದ್ದ ಇದೆಯಾ, ಅದಕ್ಕಿಂತ ಉದ್ದವಾ ಅಂತ ಕೇಳಿದ್ರು. ಗೇಣು ಅಂದೆ."

"ಆಮೇಲೆ?"

"ಅವರ ಹತ್ರ ಇದ್ದ ಬಟ್ಟೆಯೆಲ್ಲ ತಾತನಿಗೇ ಆಯ್ತಂತೆ. ಮನೆಯಿಂದ ಒಂದು ಹಳೇ ಬಟ್ಟೆ ತರಬೇಕಂತೆ, ತಾತ ಉಟ್ಟಿದ್ದೇ ಆದ್ರೆ ಒಳ್ಳೇದಂತೆ. ನಾಳೆ ಬೆಳಕು ಹರಿಯೋ ಮುಂಚೆ ಬನ್ನಿ ಅಂದ್ರು. ಮುಖವಾಡ ಹಾಕ್ಕೊಂಡು ಗುಡಾರದ ಬಾಗಿಲಲ್ಲೇ ನಿಂತಿರ್ತಾರಂತೆ."